ಚಿಕ್ಕಮುನಿಯಮ್ಮನ ಒಂಬತ್ತು ಮಿಲಿಮೀಟರ್

ಹಲಸೂರಿನಿಂದ ದೊಮ್ಮಲೂರಿನವರೆಗೆ ಚಿಕ್ಕಮುನಿಯಮ್ಮನ ಉಳಿಗೆ ತಲೆಬಾಗದ ಕಲ್ಲಿಲ್ಲ. ಸವೆದು ನುಣುಪಾದ ಒರಳುಕಲ್ಲು, ಗ್ರೈಂಡರಿನ ಗುಂಡು, ಎಲ್ಲವನ್ನೂ ಕುಟ್ಟಿ ಮತ್ತೆ ಒರಟಾಗಿಸುವುದು ಅವಳ ಮೂವತ್ತು ವರ್ಷದ ಕೆಲಸ. ಬೀದಿಯ ತುದಿಯಲ್ಲಿ ಅವಳು ಕೂಗು ಹಾಕಿದರೆ ಅಡುಗೆಮನೆಯ ಮಿಕ್ಸಿಗಳೂ ಉಸಿರು ಬಿಗಿಹಿಡಿಯುತ್ತವೆಂದು ಪ್ರತೀತಿ. ಇಂಥ ಶಿಲಾವಿಜೇತೆಯ ಮೇಲೆ ಕಲ್ಲುಕುಲ ಒಳಗಿನಿಂದ ಸೇಡು ತೀರಿಸಿಕೊಂಡಿತು. ಎಡಗಡೆಯ ಕಿಡ್ನಿಯಲ್ಲಿ, ಒಂಬತ್ತು ಮಿಲಿಮೀಟರ್.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಸ್ಕ್ಯಾನ್ ನೋಡಿ, ಮೆಷಿನ್ನಿನಲ್ಲಿ ಒಡೆಯಬೇಕು ಎಂದರು. ಒಡೆಯುವುದಾದರೆ ಇದಿದೆಯಲ್ಲ ಎಂದು ಅವಳು ಚೀಲದಿಂದ ಉಳಿ ತೆಗೆದು ತೋರಿಸಿದಳಂತೆ. ಡಾಕ್ಟರು ನಕ್ಕರು, ಸರದಿಯನ್ನು ಮಾತ್ರ ಮೂರು ತಿಂಗಳ ಆಚೆಗೆ ಕೊಟ್ಟರು. ಅಲ್ಲಿಯವರೆಗೆ ದಿನಕ್ಕೆ ಮೂರು ಲೀಟರ್ ನೀರು ಕುಡಿಯದಿದ್ದರೆ ಕಿಡ್ನಿಯೇ ಕೆಡಬಹುದೆಂದು ಎಚ್ಚರಿಸಿದರು. ಬೀದಿ ಸುತ್ತುವ ಹೆಂಗಸು ಕುಡಿದದ್ದನ್ನು ಎಲ್ಲಿ ಇಳಿಸಬೇಕೆಂಬುದು ಚೀಟಿಯಲ್ಲಿರಲಿಲ್ಲ. ಇಷ್ಟು ವರ್ಷ ಬೆಳಗ್ಗೆ ಒಂದು ಲೋಟ ಕಾಫಿ ಕುಡಿದು ಸಂಜೆಯವರೆಗೆ ಒಣನಾಲಿಗೆಯಲ್ಲೇ ಅವಳು ರಾಜ್ಯಭಾರ ಮಾಡುತ್ತಿದ್ದದ್ದು ಆ ಕಾರಣಕ್ಕೇ.

ಹೋದ ಮಂಗಳವಾರ ದೊಮ್ಮಲೂರಿನ ರಮಾಮಣಿಯವರ ಒರಳುಕಲ್ಲಿನ ಸರದಿ. ಒಳಗೆ ಸೋಫಾದಲ್ಲಿ ಅವರ ಯಜಮಾನರು ವೆಂಕಟಸುಬ್ಬಯ್ಯ, ಕಾರ್ಖಾನೆಯಿಂದ ನಿವೃತ್ತರು. ಹೋದ ವರ್ಷ ಅವರಿಗೂ ಕಿಡ್ನಿಯಲ್ಲಿ ಒಂಬತ್ತು ಮಿಲಿಮೀಟರಿನ ಕಲ್ಲೇ ಆಗಿತ್ತು. ಸೋಮವಾರ ಹೊಟ್ಟೆ ಹಿಡಿದುಕೊಂಡರು, ಬುಧವಾರ ಖಾಸಗಿ ಆಸ್ಪತ್ರೆಯಲ್ಲಿ ಲೇಸರ್, ಗುರುವಾರ ಮನೆಯಲ್ಲಿ ಇಡ್ಲಿ. ಚೂರುಗಳು ಈಗ ಶೋಕೇಸಿನ ಶೀಸೆಯಲ್ಲಿ, ದೀರ್ಘಸೇವೆಯ ಪದಕದ ಪಕ್ಕದಲ್ಲಿ ವಿರಾಜಮಾನವಾಗಿವೆ.

ಟಕ್, ಟಕ್, ಟಕ್. ಅಂಗಳದಲ್ಲಿ ಉಳಿಯ ತಾಳಕ್ಕೆ ಚಿಕ್ಕಮುನಿಯಮ್ಮನಿಗೆ ಮಂಪರು ಹತ್ತಿತು. ಇರುವೆಯಷ್ಟಾಗಿ, ಸುತ್ತಿಗೆ ಹೊತ್ತು, ಅವಳು ತನ್ನದೇ ಮೈಯೊಳಗೆ ಇಳಿದಳು. ಕೆಂಪು ಓಣಿಗಳು, ಬೆಚ್ಚನೆಯ ಮಬ್ಬು, ದೂರದಲ್ಲೆಲ್ಲೋ ಎದೆಯ ತಮಟೆ. ಓಣಿಯ ಕೊನೆಯಲ್ಲಿ ಆ ಕಲ್ಲು ಬೆಟ್ಟದ ಹಾಗೆ ಹೊಳೆಯುತ್ತ ಕೂತಿತ್ತು. ಅವಳು ಒಂದೇಟು ಕೊಟ್ಟಳು. ಬೆಟ್ಟ ಕರಗಿ ಹೊಳೆಯಾಯಿತು, ಹೊಳೆ ಹಲಸೂರು ಕೆರೆಗೆ ನುಗ್ಗಿತು, ಕೆರೆ ಇನ್ನೇನು ಕೋಡಿ ಬೀಳಬೇಕು...

ಎಚ್ಚರವಾಯಿತು. ಕೋಡಿ ಬೀಳಲಿದ್ದದ್ದು ಕೆರೆಯಲ್ಲ, ಡಾಕ್ಟರ ಮಾತಿಗೆ ಹೆದರಿ ಅಂದು ಬೆಳಗಿನಿಂದ ಕುಡಿದ ಒಂದು ಲೀಟರ್ ನೀರು.

ರಮಾಮಣಿಯವರು ಚೊಂಬಿನಲ್ಲಿ ನೀರು ತಂದರು.

"ನೀರು ಆಮೇಲೆ ಅಮ್ಮಾ. ಮೊದ್ಲು ನಿಮ್ಮ ಬಾತ್‌ರೂಮ್‌ಗೆ ಬಿಡ್ತೀರಾ?"

ಮೂವತ್ತು ವರ್ಷದಲ್ಲಿ ಅವಳು ಯಾವ ಮನೆಯಲ್ಲೂ ಬಾಯಿಬಿಟ್ಟು ಕೇಳದ ಮಾತು ಅದು. ರಮಾಮಣಿಯವರು ಹೊಸ ಟೈಲ್ಸ್ ಕಡೆ ನೋಡಿ, ಮುಖ್ಯರಸ್ತೆಯಲ್ಲಿ ಶೌಚಾಲಯ ಇದೆಯಲ್ಲ ಎಂದರು. ಅದಕ್ಕೆ ಬೀಗ ಬಿದ್ದು ವರ್ಷವಾಯಿತೆಂದು ಇವಳು ಹೇಳಿದಳು. ತನ್ನ ಕಲ್ಲಿನ ಕಥೆಯನ್ನೂ ಹೇಳಿದಳು.

ಸೋಫಾದಿಂದ ವೆಂಕಟಸುಬ್ಬಯ್ಯನವರು ಕೇಳಿದರು, "ಎಷ್ಟು ಎಂಎಂ?"

"ಒಂಬತ್ತು, ಸಾಮಿ."

ಅವರ ಕೈ ತಾನಾಗಿ ಸೊಂಟಕ್ಕೆ ಹೋಯಿತು. "ಬಿಡೇ ರಮಾ, ಹೋಗ್ಬರ್ಲಿ. ಆ ನೋವು ನಿಂಗೊತ್ತಿಲ್ಲ."

ಚಿಕ್ಕಮುನಿಯಮ್ಮ ಚಪ್ಪಲಿ ಬಿಟ್ಟು, ಪಟ್ಟಾಭಿಷೇಕಕ್ಕೆ ಹೊರಟವಳಂತೆ ಟೈಲ್ಸ್ ಮೇಲೆ ನಡೆದು ಹೋದಳು. ಹಗುರಾಗಿ ಬಂದು ಕೂತು, ಚೊಂಬನ್ನು ಒಂದೇ ಗುಟುಕಿಗೆ ಬರಿದು ಮಾಡಿ ಮತ್ತೆ ಮುಂದೆ ಚಾಚಿದಳು.

"ಇನ್ನೊಂದು ತುಂಬಿಸ್ಕೊಡಿ ಅಮ್ಮಾ. ಗ್ರೈಂಡರ್ ಗುಂಡೂ ಇದ್ಯಲ್ಲ, ನಾನಿನ್ನೂ ಇಲ್ಲೇ ಇರ್ತೀನಿ."