ನಮ್ಮತ್ತೆಯ ಶುಕ್ರವಾರದ ತಲೆಸ್ನಾನ

ಮೊನ್ನೆ ಸೀಗೆಕಾಯಿ ಪುಡಿ ಮಾಡಿಸಲು ದುರ್ಗದ ಪೇಟೆಯ ಗಿರಣಿಗೆ ಹೋಗಿದ್ದೆ. ಗಿರಣಿಯವನು ನನ್ನ ಚೀಲವನ್ನು ದೂರದಿಂದಲೇ ಮೂಸಿ, "ನೀವು ಕೊನೇಗೆ ಅಜ್ಜಿ, ಅಲ್ಲಿ ಕುಂತ್ಕಳ್ರಿ. ಇದನ್ನ ಮುಂಚೆ ಹಾಕಿದ್ರೆ ಇವತ್ತು ಊರೋರ ಮುದ್ದೆಯೆಲ್ಲಾ ನೊರೆ ಬರ್ತೈತೆ" ಎಂದ. ಅವನ ಮಾತು ನ್ಯಾಯವೇ. ಎಲ್ಲರ ರಾಗಿ, ಜೋಳ ಮುಗಿಯುವ ತನಕ ಕುಳಿತಿದ್ದೆ. ಕೊನೆಗೆ ನನ್ನ ಸೀಗೆಕಾಯಿ ಬಿತ್ತು. ಹಳದಿ ಧೂಳು ಎದ್ದಿತು, ಗಿರಣಿಯವನು ಏಳು ಸಲ ಸೀನಿದ. ನಾನು ಸೀನಲಿಲ್ಲ. ಆದರೆ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಎರಡು ಕಣ್ಣೂ ತಾವಾಗಿಯೇ ಮುಚ್ಚಿಕೊಂಡವು, ಕುತ್ತಿಗೆ ಮುಂದಕ್ಕೆ ಬಗ್ಗಿತು. ಅರವತ್ತು ದಾಟಿದ ಹೆಂಗಸು ನಡುಪೇಟೆಯಲ್ಲಿ ಹೀಗೆ ತಲೆ ಬಗ್ಗಿಸಿ ನಿಂತದ್ದನ್ನು ಕಂಡು ಅವನು, "ತಲೆ ಸುತ್ತು ಬಂತಾ ಅಜ್ಜಿ?" ಎಂದು ಗಾಬರಿಯಾದ. ಸುತ್ತಲ್ಲ, ಅಭ್ಯಾಸ. ಅದನ್ನು ನನಗೆ ಮಾಡಿಸಿದವರು ನಮ್ಮತ್ತೆ.

ನಾನು ಹೊಸದುರ್ಗದವಳು. ಹೊಳಲ್ಕೆರೆಗೆ ಸೊಸೆಯಾಗಿ ಬಂದಾಗ ಹದಿನಾರೋ ಹದಿನೇಳೋ. ಗಂಡನ ಮನೆಯವರದು ಬಟ್ಟೆ, ಕಂಬಳಿಯ ಅಂಗಡಿ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ, ರೊಟ್ಟಿ ತಟ್ಟುತ್ತಾಳೆಯೇ ಎಂದು ಕೇಳುವುದು ವಾಡಿಕೆ. ನಮ್ಮತ್ತೆ ಏನನ್ನೂ ಕೇಳಲಿಲ್ಲ. ನೇರ ನನ್ನ ಹಿಂದೆ ಬಂದು ಕುಳಿತು, ಜಡೆ ಬಿಚ್ಚಿ, ತುದಿಯನ್ನು ಕೈಗೆ ಸುತ್ತಿಕೊಂಡು ಒಂದು ಸಲ ಜಗ್ಗಿದರು. ಬಾವಿಯ ಹಗ್ಗ ಕೊಳ್ಳುವಾಗ ಜಗ್ಗುತ್ತಾರಲ್ಲ, ಹಾಗೆ. ನನ್ನ ತಲೆ ಹಿಂದಕ್ಕೆ ಹೋಗಿ ಸೂರಿನ ತೊಲೆಗಳೆಲ್ಲ ಕಂಡವು. "ಗಟ್ಟಿ ಐತೆ. ಈ ಕೂದ್ಲು ನಮ್ಮನೆಗೆ ಬರ್ಲಿ" ಎಂದರು. ಕೂದಲಿನ ಜೊತೆಗೆ ನಾನೂ ಹೋದೆ.

ಆಗ ನನಗೆ ಜಂಬ ಎಷ್ಟಿತ್ತೆಂದರೆ, ಹೊಸ ಮನೆಯಲ್ಲಿ ಎದುರಿಗೆ ಯಾರಾದರೂ ಬಂದರೆ ಬೇಕೆಂದೇ ಹಿಂದಕ್ಕೆ ತಿರುಗಿ ನಿಲ್ಲುತ್ತಿದ್ದೆ. ಮೊಣಕಾಲು ಮುಟ್ಟುವ ಜಡೆ ಕಾಣಲಿ ಎಂದು. ಮುಖದ ವಿಷಯದಲ್ಲಿ ನನಗೆ ಅಷ್ಟು ಭರವಸೆ ಇರಲಿಲ್ಲ.

ಈ ಜಂಬ ಇಳಿಸಲು ಶುಕ್ರವಾರವಿತ್ತು. ಶುಕ್ರವಾರ ಬೆಳಕು ಹರಿಯುವ ಮೊದಲೇ ಬಚ್ಚಲ ಹಂಡೆಯ ಕೆಳಗೆ ಬೆಂಕಿ ಬೀಳುತ್ತಿತ್ತು. ನೀರು ಕೊತಕೊತ ಕುದಿಯುವವರೆಗೆ ನಮ್ಮತ್ತೆ ಅದನ್ನು ನೀರೆಂದು ಒಪ್ಪುತ್ತಿರಲಿಲ್ಲ. ಮೊದಲು ಹರಳೆಣ್ಣೆ. ಬೊಗಸೆಯಲ್ಲಿ ತಂದು ನೆತ್ತಿಗೆ ಪಟಪಟನೆ ಬಡಿಯುವರು. ಆಮೇಲೆ ಸೀಗೆಕಾಯಿ, ಅದರ ಜೊತೆಗೆ ಅಂಟುವಾಳ, ಸಾಲದ್ದಕ್ಕೆ ಒಲೆಯ ಬೂದಿಯ ತಿಳಿನೀರು. ಎರಡು ಅಂಗೈಗಳ ನಡುವೆ ಕೂದಲನ್ನು ಇಟ್ಟು, ಸೀರೆ ಒಗೆಯುವ ಹಾಗೆ ಉಜ್ಜುವರು. "ತಲೆ ಅಂದ್ರೆ ತೊಳೆದ್ರೆ ಕಿರ್ ಅನ್ಬೇಕು ಕಣೇ" ಎನ್ನುವರು. ತಲೆ ಕಿರ್ ಎನ್ನುತ್ತಿತ್ತು. ನಾನೂ ಎನ್ನುತ್ತಿದ್ದೆ, ಆದರೆ ಬಾಯೊಳಗೆ. ಬಾಯಿ ತೆರೆದರೆ ಸೀಗೆಕಾಯಿ ಒಳಗೆ ಹೋಗುತ್ತಿತ್ತು.

ನಮ್ಮತ್ತೆಯ ಕೈಗೆ ತಲೆ ಕೊಟ್ಟವಳು ನಾನೊಬ್ಬಳೇ ಎಂದುಕೊಳ್ಳಬೇಡಿ. ಬೀದಿಯ ಹೆಂಗಸರೆಲ್ಲ ಮಕ್ಕಳನ್ನು ಕರೆತರುತ್ತಿದ್ದರು. ಹೊರಗೆ ಜಗುಲಿಯಲ್ಲಿ ಕಾಯುತ್ತ ಕುಳಿತ ಮಕ್ಕಳು ಒಳಗಿನ ಕೂಗು ಕೇಳಿ ಅಲ್ಲೇ ಅಳಲು ಆರಂಭಿಸುತ್ತಿದ್ದವು. ತಾಯಂದಿರು ಮಾತ್ರ ತಮ್ಮ ತಮ್ಮಲ್ಲಿ ಮದ್ದಿನ ಚರ್ಚೆಯಲ್ಲಿ ಮುಳುಗಿರುತ್ತಿದ್ದರು. ಒಬ್ಬಳಿಗೆ ಮೆಂತ್ಯವೇ ದೇವರು, ಇನ್ನೊಬ್ಬಳಿಗೆ ದಾಸವಾಳದ ಎಲೆಯ ಲೋಳೆ, ಮತ್ತೊಬ್ಬಳಿಗೆ ಕಡಲೆಹಿಟ್ಟು. ಕಡಲೆಹಿಟ್ಟಿನವಳಿಗೂ ಮೆಂತ್ಯದವಳಿಗೂ ಇದೇ ವಿಷಯಕ್ಕೆ ಮಾತು ಬಿಟ್ಟು ಎರಡು ದೀಪಾವಳಿ ಕಳೆದಿದ್ದವು. ಏನು ಹಚ್ಚಬೇಕು ಎಂಬುದರ ಬಗ್ಗೆ ಇಷ್ಟು ಜಗಳವಾಡಿದವರು, ಹೇಗೆ ತೊಳೆಯಬೇಕು ಎಂದು ಒಂದು ದಿನವೂ ಕೇಳಿದ್ದಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ವಿಷಯವಾಗಿತ್ತು.

ಒಂದು ಮಾತು ಮರೆತೆ. ನಮ್ಮತ್ತೆ ಊರಿನ ತಲೆಗಳನ್ನೆಲ್ಲ ತೊಳೆಯುತ್ತಿದ್ದರೂ ತಮ್ಮ ತಲೆಗೆ ಯಾರನ್ನೂ ಕರೆಯುತ್ತಿರಲಿಲ್ಲ. ಎಲ್ಲರದೂ ಮುಗಿದ ಮೇಲೆ ಬಚ್ಚಲ ಬಾಗಿಲು ಹಾಕಿಕೊಂಡು ತಾವೇ ಸ್ನಾನ ಮಾಡಿ, ತುರುಬು ಕಟ್ಟಿ, ಸೆರಗು ಹೊದ್ದು, ಲಿಂಗಪೂಜೆಗೆ ಕೂರುವರು. ಸೆರಗಿನಡಿಯ ಆ ತುರುಬು ತೆಂಗಿನಕಾಯಿಯಷ್ಟು ತುಂಬಿಕೊಂಡು ಕಾಣುತ್ತಿತ್ತು. ಅಷ್ಟು ವಯಸ್ಸಿಗೂ ಎಂಥ ಕೂದಲು, ಇವರ ಕೈಗುಣವೇ ಇರಬೇಕು ಎಂದು ನಾನು ನೋವು ನುಂಗಿಕೊಳ್ಳುತ್ತಿದ್ದೆ.

ಮದುವೆಯಾದ ಎರಡನೆಯ ವರ್ಷ ಮಗ ಹುಟ್ಟಿದ. ಅವನಿಗೆ ನಾಲ್ಕು ತಿಂಗಳಾಗುವ ಹೊತ್ತಿಗೆ ನನ್ನ ಕೂದಲು ಉದುರಲು ಆರಂಭವಾಯಿತು. ಹಣಿಗೆಯಲ್ಲಿ ಕೂದಲು, ದಿಂಬಿನ ಮೇಲೆ ಕೂದಲು, ಮುದ್ದೆಯಲ್ಲಿ ಕೂದಲು. ಮಗು ಹಿಡಿದ ಮುಷ್ಟಿ ಬಿಡಿಸಿದರೆ ಅದರಲ್ಲೂ ಕೂದಲು. ನಿಮಗೆ ನಗು ಬರಬಹುದು. ನನಗೆ ರಾತ್ರಿ ಹಗಲೂ ಒಂದೇ ಭಯ: ಈ ಮನೆಯವರು ಮೆಚ್ಚಿ ತಂದದ್ದು ಕೂದಲನ್ನು. ಅದೇ ಹೋದರೆ ಉಳಿಯುವವಳು ಯಾರು? ನಮ್ಮತ್ತೆ ಉದುರಿದ್ದನ್ನೆಲ್ಲ ಉಂಡೆ ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸುತ್ತಿದ್ದರು. ಅದೇನು ವಿಶೇಷವಲ್ಲ. ಆಗ ಎಲ್ಲರ ಮನೆಯಲ್ಲೂ ಉದುರಿದ ಕೂದಲು ಕೂಡಿಟ್ಟು ಜಡೆಗೆ ಸೇರಿಸುವ ಚೌರಿ ಕಟ್ಟಿಸುತ್ತಿದ್ದರು.

ಆದರೆ ಅವರು ಶುಕ್ರವಾರದ ಜೊತೆಗೆ ಮಂಗಳವಾರವನ್ನೂ ಸೇರಿಸಿದರು. ನೀರು ಇನ್ನಷ್ಟು ಬಿಸಿಯಾಯಿತು, ಬೂದಿನೀರು ಇನ್ನಷ್ಟು ಖಾರವಾಯಿತು, ಕೈ ಇನ್ನಷ್ಟು ಬಿಗಿಯಾಯಿತು. "ಬೇರು ಸಡ್ಲ ಆಗೈತೆ. ತಿಕ್ಕಿದ್ರೆ ರಕ್ತ ಓಡ್ತೈತೆ, ಗಟ್ಟಿ ಆಗ್ತೈತೆ" ಎನ್ನುವರು. ನಾನು ಹೂಂ ಎನ್ನುವೆ. ಬೇಡ ಎನ್ನಲು ಬಾಯಿ ಬರಲಿಲ್ಲ. ಬೇಡ ಅಂದರೆ ನಿಮ್ಮ ಕೈ ಸರಿಯಿಲ್ಲ ಅಂದಂತೆ. ಅವರ ಕೈ ಸರಿಯಿಲ್ಲ ಎಂದು ಹೊಳಲ್ಕೆರೆಯಲ್ಲಿ ಯಾರೂ ಹೇಳಿದ್ದಿಲ್ಲ.

ಕೊನೆಗೆ ಗಂಡನ ಹತ್ತಿರ ಹೇಳಿಕೊಂಡು ಅತ್ತುಬಿಟ್ಟೆ. ಅವರು ಸಾಧು ಮನುಷ್ಯ. ತಾಯಿಗೆ ಹೆದರುವುದರಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರು. ಸರಕು ಬಿಡಿಸಲು ಚಿಕ್ಕಜಾಜೂರು ಸ್ಟೇಷನ್ನಿಗೆ ಹೋದವರು ಅಲ್ಲಿಯ ಅಂಗಡಿಯಿಂದ ಒಂದು ಗುಲಾಬಿ ಬಣ್ಣದ ಸಾಬೂನನ್ನು ಪಂಚೆಯ ಗಂಟಿನಲ್ಲಿ ಕಟ್ಟಿಕೊಂಡು ತಂದರು. "ದೊರೆಸಾನಿಯರು ಇದ್ರಾಗೇ ತಲೆ ತೊಳ್ಕಂತಾರಂತೆ. ರೇಷ್ಮೆ ಆಗ್ತೈತಂತೆ" ಎಂದು ಪಿಸುಗುಟ್ಟಿದರು. ಯಾರು ಹೇಳಿದರು ಎಂದರೆ, ಅಂಗಡಿಯವನು. ಮಾರುವವನು ಹೇಳಿದ್ದನ್ನು ನಂಬುವ ವ್ಯಾಪಾರಿಯನ್ನು ನಾನು ಕಂಡದ್ದು ಅವರೊಬ್ಬರನ್ನೇ.

ಅತ್ತೆ ಮಠಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ಹಿತ್ತಲ ಬಾವಿಯ ನೀರಲ್ಲಿ ಆ ಸಾಬೂನು ಹಚ್ಚಿಕೊಂಡೆ. ನಮ್ಮ ಬಾವಿಯ ನೀರು ಎಷ್ಟು ಗಡಸೆಂದರೆ ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಅಡುಗೆಗೆ ಹಳ್ಳದಿಂದ ಹೊರುತ್ತಿದ್ದೆವು. ಆ ನೀರಿಗೆ ಸಾಬೂನು ನೊರೆ ಬರಲಿಲ್ಲ. ಕಡಿಮೆಯಾಯಿತೇನೋ ಎಂದು ಇನ್ನಷ್ಟು ಹಚ್ಚಿದೆ, ಅತ್ತೆಯ ಹಾಗೆಯೇ ಇನ್ನಷ್ಟು ಉಜ್ಜಿದೆ. ನೋಡುತ್ತಿದ್ದ ಹಾಗೆ ತಲೆಯ ಮೇಲೆ ಒಡೆದ ಹಾಲಿನಂಥ ಬಿಳಿಯ ಜಿಗುಟು ಕೂತಿತು. ಸುರಿದಷ್ಟೂ ಹೆಚ್ಚಾಯಿತು. ಅರ್ಧ ಸಾಬೂನು ಸವೆದಾಗ ನನ್ನ ಕೂದಲು ಎಳೆ ಬಿಡಿಸಲಾರದ ಒಂದೇ ಗಂಟಾಗಿತ್ತು. ಬೆರಳು ಒಳಗೆ ಹೋಗುತ್ತಿರಲಿಲ್ಲ. ಬಚ್ಚಲಲ್ಲೇ ಕುಳಿತು ಗೊಳೋ ಎಂದು ಅತ್ತುಬಿಟ್ಟೆ.

ಆ ಹೊತ್ತಿಗೆ ಸರಿಯಾಗಿ ಮಠದಿಂದ ನಮ್ಮತ್ತೆ ಬಂದರು. ಅವರ ಹಿಂದೆಯೇ, ಅಂಗಡಿಗೆ ಕಂಬಳಿ ಕೊಡಲು ಬಂದಿದ್ದ ಕುರುಬರ ಸಿದ್ದವ್ವ. ಯಲ್ಲದಕೆರೆ ಕಡೆಯವಳು, ಸಾವಿರ ಕುರಿ ಮೀಯಿಸಿದ ಕೈ. ಅತ್ತೆ ನನ್ನನ್ನೂ ಸಾಬೂನನ್ನೂ ನೋಡಿ, ಬೈಯಲು ಬಾಯಿ ತೆರೆದರು. ಸಿದ್ದವ್ವ ಮಾತ್ರ ಬಗ್ಗಿ ನನ್ನ ತಲೆಯನ್ನು ಮುಟ್ಟಿ, ಗಂಟನ್ನು ಬೆರಳಲ್ಲಿ ಒತ್ತಿ ನೋಡಿ, ಪಕ್ಕನೆ ನಕ್ಕಳು.

"ಇದೇನ್ ದೊಡ್ಡವ್ವ, ಸೊಸಿ ತಲಿ ಮ್ಯಾಲೇ ಕಂಬಳಿ ಮಾಡಾಕ ಹತ್ತೀರಿ?"

"ನಾಲಿಗೆ ಬಿಗಿ ಹಿಡಿ ಸಿದ್ದವ್ವ" ಎಂದರು ಅತ್ತೆ.

ಸಿದ್ದವ್ವ ಬಿಗಿ ಹಿಡಿಯುವವಳಲ್ಲ. ನಮ್ಮ ಮನೆಯ ಶುಕ್ರವಾರಗಳನ್ನು ಅವಳೂ ಕಂಡಿದ್ದಳು. "ಕುದಿಯೋ ನೀರು, ಖಾರದ ಬೂದಿ, ಮ್ಯಾಲೆ ತಿಕ್ಕೋದು. ಈ ಮೂರು ಸೇರಿದ್ರೆ ಉಣ್ಣೆ ಒಂದಕ್ಕೊಂದು ಕಚ್ಕಂತೈತೆ. ಆಮ್ಯಾಲೆ ಬಿಡ್ಸಾಕೆ ನಮ್ಮ ದೇವ್ರು ಬೀರಪ್ಪನ ಕೈಲೂ ಆಗಲ್ಲ. ನಾವು ಕುರಿ ಮೀಸೋದು ಹಳ್ಳದಾಗೆ, ಬಿಸ್ಲಿಗೆ ನೀರು ಬೆಚ್ಚಗಾದ ಮ್ಯಾಲೆ. ಹುಯ್ತೀವಿ, ಹಿಂಡ್ತೀವಿ, ಬಿಡ್ತೀವಿ. ತಿಕ್ಕಲ್ಲ. ಕುರಿ ತಲಿ ಕುಟ್ಟಿದ್ರೆ ಅದು ಓಡೋಗ್ತೈತೆ ದೊಡ್ಡವ್ವ. ಸೊಸಿ ಎಲ್ಲಿಗೆ ಓಡ್ಬೇಕು?"

ಅತ್ತೆ ಒಳಗೆ ಹೋದರು. ಸಿದ್ದವ್ವ ಅಡುಗೆಗೆ ಇಟ್ಟಿದ್ದ ಹಳ್ಳದ ನೀರನ್ನು ಬಿಸಿಲಿಗಿಟ್ಟು, ಹುಳಿ ಮಜ್ಜಿಗೆ ತರಿಸಿ, ಅದನ್ನು ಮೆಲ್ಲಗೆ ಕೂದಲಿಗೆ ಸುರಿದು, ಬೆರಳಿಂದ ಒಂದೊಂದೇ ಎಳೆ ಬಿಡಿಸಿದಳು. ಸಂಜೆಯಾಯಿತು. ಒಂದಷ್ಟು ಕತ್ತರಿಸಲೇಬೇಕಾಯಿತು. ಮೊಣಕಾಲಿನ ಜಡೆ ಸೊಂಟಕ್ಕೆ ಬಂತು.

ಆ ವಾರ ಶುಕ್ರವಾರ ಹಂಡೆಗೆ ಬೆಂಕಿ ಬೀಳಲಿಲ್ಲ. ಮಕ್ಕಳು ಬಂದು, ಮುಚ್ಚಿದ ಬಚ್ಚಲು ನೋಡಿ, ಕುಣಿಯುತ್ತ ಹಿಂತಿರುಗಿದವು. ನನಗೆ ಕುಣಿಯುವ ಹಾಗಿರಲಿಲ್ಲ. ಅತ್ತೆ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಅವರ ಮೇಲೆ ಅಷ್ಟು ಸಿಟ್ಟಿದ್ದ ನಾನೇ ಬೇಡವೆಂದರೂ ಅವರ ತಟ್ಟೆಗೆ ಮುದ್ದೆ ಇಡುತ್ತಿದ್ದೆ. ಮಧ್ಯಾಹ್ನ ಹೊತ್ತು ಇಳಿದ ಮೇಲೆ, "ಬಾರೇ ಇಲ್ಲಿ" ಎಂದು ಬಚ್ಚಲಿಗೆ ಕರೆದರು. ಇಷ್ಟು ದಿನದ ಬಾಕಿ ಬೈಗುಳ ಇವತ್ತು ಎಂದುಕೊಂಡು ಹೋದೆ.

ಅವರು ಬಾಗಿಲು ಹಾಕಿ, ಮಣೆಯ ಮೇಲೆ ಕುಳಿತು, ಸೆರಗು ಸರಿಸಿ, ತುರುಬು ಬಿಚ್ಚಿದರು. ತುರುಬು ಪೂರ್ತಿ ಅವರ ಕೈಗೇ ಬಂತು. ಕಪ್ಪಗೆ ಹೊಳೆಯುವ ಚೌರಿ. ಹಳೆಯ ಚೌರಿಯ ಮೇಲೆ ಹೊಸದಾಗಿ ಕಟ್ಟಿದ್ದು ನನ್ನದೇ ಕೂದಲು. ನನ್ನ ಕೂದಲನ್ನು ನಾನು ಗುರುತಿಸಲಾರೆನೇ? ಕೆಳಗೆ ಅವರ ತಲೆಯಲ್ಲಿ ಕಿರುಬೆರಳ ಗಾತ್ರದ ಬಿಳಿಯ ಎಳೆ ಉಳಿದಿತ್ತು. ನೆತ್ತಿಯ ಮೇಲೆ ಅಂಗೈ ಅಗಲಕ್ಕೆ ಏನೂ ಇರಲಿಲ್ಲ.

"ನಮ್ಮತ್ತೇದೂ ಗಟ್ಟಿ ಕೈ" ಎಂದರು, ಗೋಡೆ ನೋಡುತ್ತ. "ನಾನೂ ಬಾಯಿ ಬಿಡ್ಲಿಲ್ಲ. ಅವರು ಸತ್ತ ಮ್ಯಾಲೂ ಹಂಗೇ ತೊಳ್ಕಂತಿದ್ದೆ. ನಂದಂತೂ ಹೋತು, ನಿಂದಾದ್ರೂ ಉಳಿಸ್ಕಳಾಣ ಅಂತ ಇನ್ನೂ ಗಟ್ಟಿ ತಿಕ್ಕಿದೆ ಕಣೇ." ಆಮೇಲೆ ಚೌರಿಯನ್ನು ಪಕ್ಕಕ್ಕಿಟ್ಟು, "ಆ ಕುರುಬರಾಕಿ ಹೆಂಗೆ ತೊಳೆದ್ಲೋ, ಹಂಗೆ ತೊಳಿ" ಎಂದರು.

ತೊಳೆದೆ. ಬೆಚ್ಚಗಿನ ನೀರು, ತೆಳ್ಳಗೆ ಕದಡಿದ ಸೀಗೆಕಾಯಿ, ಮೆಂತ್ಯದ ಲೋಳೆ, ಬೆರಳ ತುದಿ. ಬೂದಿ ಇಲ್ಲ, ಬಡಿತ ಇಲ್ಲ. ಮುಗಿಯಿತು ಎಂದೆ. ಅವರು ನಂಬಲಿಲ್ಲ.

"ಇಷ್ಟೇನಾ?"

"ಇಷ್ಟೇ ಅತ್ತೆ."

"ನೋವೇ ಆಗ್ಲಿಲ್ಲಲ್ಲೇ." ಆಮೇಲೆ ಇದ್ದಕ್ಕಿದ್ದ ಹಾಗೆ ಸಿಟ್ಟಾಗಿ, "ಎರಡು ವರ್ಷ ನಿನ್ ಬಾಯಿ ಎಲ್ಲಿತ್ತು? ಅತ್ತೆ, ನೋಯ್ತೈತೆ ಅನ್ನಾಕೆ ಏನಾಗಿತ್ತು?" ಎಂದು ಗದರಿದರು.

"ಬಾಯಿ ತೆಗೆದ್ರೆ ನೀವು ಅದರ ಮೇಲೇ ಸೀಗೆಕಾಯಿ ಹುಯ್ತಿದ್ರಲ್ಲ ಅತ್ತೆ" ಎಂದೆ. ಎಲ್ಲಿಂದ ಬಂತೋ ಆ ಧೈರ್ಯ. ಅವರು ಒದ್ದೆ ತಲೆಯಲ್ಲಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಗುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನನ್ನ ಕೂದಲು ಆರು ತಿಂಗಳಲ್ಲಿ ಮತ್ತೆ ತುಂಬಿಕೊಂಡಿತು. ಅವರದು ಬರಲಿಲ್ಲ. ಆದರೂ ಕೊನೆಯವರೆಗೆ ಪ್ರತಿ ಶುಕ್ರವಾರ ಆ ನಾಲ್ಕು ಎಳೆಗೆ ಮೆಂತ್ಯ ಹಚ್ಚಿಸಿಕೊಂಡು, ಬೀದಿಯ ಹೆಂಗಸರಿಗೆ, "ತಿಕ್ಕಬಾರ್ದು ಕಣ್ರೇ, ಯಾರ್ ಹೇಳಿದ್ರು ನಿಮ್ಗೆ ತಿಕ್ಕಾಕೆ?" ಎಂದು ಬೈಯುತ್ತಿದ್ದರು. ಯಾರು ಹೇಳಿದ್ದು ಎಂದು ನೆನಪಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಗಿರಣಿಯಿಂದ ಪುಡಿ ಹೊತ್ತು ಮನೆಗೆ ಬಂದೆ. ನನ್ನ ಸೊಸೆ ಹಿರಿಯೂರಿನವಳು, ಒಳ್ಳೆಯವಳು, ಮಾತು ಸ್ವಲ್ಪ ಹೆಚ್ಚು. ಪ್ರತಿ ಶುಕ್ರವಾರ, "ನಾನು ತಲೆ ತೊಳೀಲಾ ಅತ್ತೆ?" ಎಂದು ಕೇಳುತ್ತಾಳೆ. ನಾನು ಬೇಡ ಎನ್ನುತ್ತೇನೆ. ನನ್ನ ತಲೆ ನಾನೇ ತೊಳೆಯುವವಳು ಎಂಬ ಬಿಗುಮಾನ. ನಿಮಗೆ ನಿಜ ಹೇಳುತ್ತೇನೆ: ಹೋದ ವರ್ಷದಿಂದ ನನ್ನ ಬಲಗೈ ಭುಜದ ಮೇಲಕ್ಕೆ ಏಳುತ್ತಿಲ್ಲ. ಹಿಂದಲೆಯಲ್ಲಿ ಕೂದಲು ಸಿಕ್ಕಾಗಿ ಗಂಟುಗಂಟಾಗಿದೆ. ಅದು ಕಾಣದ ಹಾಗೆ ಸೆರಗು ಎಳೆದುಕೊಂಡು ಓಡಾಡುತ್ತಿದ್ದೇನೆ.

ಈ ಸಲ ಕೇಳಿದಾಗ ಹೂಂ ಎಂದೆ. ನಾನು ಮನಸ್ಸು ಬದಲಿಸುವುದರೊಳಗೆ ಮಣೆ ಹಾಕಿದಳು. ಸೆರಗು ಸರಿಸಿ ಕುಳಿತೆ. ಹಿಂದಿನ ಗಂಟು ಕಂಡದ್ದೇ ಅವಳು ಹತ್ತಿರ ಬಗ್ಗಿ ಕುಳಿತಳು. ಆಮೇಲೆ ಬೆರಳು ಹಾಕಿ ಬಿಡಿಸತೊಡಗಿದಳು. ಅವಳದೂ ಗಟ್ಟಿ ಕೈ. ನಾನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಕುತ್ತಿಗೆ ಬಗ್ಗಿಸಿದೆ. ಆಮೇಲೆ ಕಣ್ಣು ತೆರೆದೆ.

"ನೋಯ್ತೈತೆ ಕಣೇ" ಎಂದೆ.

ಅವಳ ಕೈ ತಟ್ಟನೆ ನಿಂತಿತು. "ಎಲ್ಲಿ ಅತ್ತೆ?" ಎಂದಳು.

ತೋರಿಸಿದೆ.