ಬರೆಯದೆ ಬಿಟ್ಟ ಹೆಸರು

ಹಡಗಲಿಯ ನಮ್ಮ ಓಣಿಯಲ್ಲಿ ಸಂಜೆಯಾದರೆ ಪಕ್ಕದ ಮನೆಯ ಹೂ ಮಾರುವ ಅಕ್ಕ ನನ್ನ ಜಡೆಗೆ ಒಂದು ಮೊಳ ಮಲ್ಲಿಗೆ ಮುಡಿಸದೆ ಬಿಡುತ್ತಿರಲಿಲ್ಲ. ಗಿರಾಕಿಗಳಿಗೆ ಬೆರಳು ಮಡಚಿ ಮೊಳ ಹಾಕುವ ಆಕೆ, ನನಗೆ ಮಾತ್ರ ಬೆರಳು ಚಾಚಿ ಅಳೆಯುತ್ತಿದ್ದಳು. ಒಡಹುಟ್ಟಿದವಳಲ್ಲ. ಒಡಹುಟ್ಟಿದವರು ಯಾರೂ ನನ್ನನ್ನು ಅಷ್ಟು ಹಚ್ಚಿಕೊಳ್ಳಲಿಲ್ಲ.

ನಾನಾಗ ಅಂಗನವಾಡಿ ಟೀಚರ್. ಎರಡು ಸಾವಿರದ ಇಸವಿಯ ಆಸುಪಾಸು. ಬಹಳ ದಿನದಿಂದ ಕೆಮ್ಮುವವರ ಹೆಸರು ಬರೆದುಕೊಡಿ, ಕಫ ಪರೀಕ್ಷೆ ಮಾಡಿ ಪುಕ್ಕಟೆ ಮಾತ್ರೆ ಕೊಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು. ಪುಸ್ತಕ ಹಿಡಿದು ಮನೆಮನೆ ತಿರುಗಿದೆ. ಅಕ್ಕ ಎರಡು ತಿಂಗಳಿಂದ ಕೆಮ್ಮುತ್ತಿದ್ದುದು ನನಗೆ ಗೊತ್ತಿದ್ದದ್ದೇ. ಮಗಳ ಜೊತೆ ಹೂ ಕಟ್ಟುತ್ತ ಕೂತಿದ್ದವಳು ನನ್ನ ಕೈ ಹಿಡಿದಳು.

"ನನ್ನ ಹೆಸರು ಬರೀಬ್ಯಾಡ ತಂಗಿ. ನಾರು ಹಲ್ಲಾಗ ಕಡದು ಹೂವು ಕಟ್ಟಾಕಿ ನಾನು. ಟಿ.ಬಿ. ಐತಿ ಅಂತ ಗೊತ್ತಾದ್ರ ನನ್ನ ಹೂವು ಯಾರು ಮುಡೀತಾರ? ಈಕೀನ ಯಾರು ಮದುವಿ ಮಾಡ್ಕೋತಾರ? ಹರಪನಹಳ್ಳಿಗಿ ಹೋಗಿ ತೋರಿಸ್ಕೋತೀನಿ, ಅಲ್ಲಿ ನನ್ನ ಬಲ್ಲವರಿಲ್ಲ."

ಓಣಿಯ ಬಾಯಿ ನನಗೇನು ಹೊಸದೇ? ಪುಸ್ತಕದಲ್ಲಿ ಆ ಮನೆಯ ಎದುರು 'ಕೆಮ್ಮು ಯಾರಿಗೂ ಇಲ್ಲ' ಎಂದು ಬರೆದೆ. ಪ್ರೀತಿಯಿಂದಲೇ ಬರೆದೆ. ಅದೇ ನನ್ನ ಹಾಳು ಬುದ್ಧಿ.

ಆಕೆ ಹರಪನಹಳ್ಳಿಗೆ ಹೋದದ್ದು ಒಂದೇ ಸಲ. ಆಸ್ಪತ್ರೆಯ ಸಾಲಿನಲ್ಲಿ ನಮ್ಮೂರ ಹೂವಿನ ವ್ಯಾಪಾರಿಯ ಹೆಂಡತಿ ಕಂಡಳಂತೆ. "ಬೀಗರನ್ನ ನೋಡಾಕ ಬಂದೀನಿ" ಎಂದು ಹೇಳಿ, ಕಫ ಕೊಡದೆ ತಿರುಗಿ ಬಸ್ಸು ಹತ್ತಿಬಿಟ್ಟಳು. ಅದನ್ನು ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಮುಂದಿನ ಯುಗಾದಿಗೆ ಅಕ್ಕ ಇರಲಿಲ್ಲ.

ಕೆಲವೇ ದಿನಕ್ಕೆ ಮಗಳು ಕೆಮ್ಮತೊಡಗಿದಳು. ಈ ಸಲ ಯಾರನ್ನೂ ಕೇಳಲಿಲ್ಲ. ಹೆಸರು ಬರೆದೆ, ಹಾಡಹಗಲೇ ಕೈ ಹಿಡಿದು ನಮ್ಮೂರ ಆಸ್ಪತ್ರೆಗೇ ಕರೆದೊಯ್ದೆ. ಹೂವಿನಿಂದ ಅಂಟುವ ರೋಗವಲ್ಲ ಅಂದರು ಡಾಕ್ಟರು. ಮಾತ್ರೆ ನುಂಗಿದ ಆರು ತಿಂಗಳೂ ಅವಳು ಕಟ್ಟಿದ ಹೂವನ್ನೇ ಮುಡಿದು ಓಣಿ ತುಂಬ ಓಡಾಡಿದೆ. ಕೆಲವರು ಮೂಗು ಮುರಿದರು. ಮುರಿಯಲಿ.

ಮಾತ್ರೆ ಮುಗಿದು ಗುಣವಾದ ದಿನ ಹುಡುಗಿ ನನ್ನ ಜಡೆಗೆ ಕೈ ಹಾಕಿ ಕೇಳಿದಳು: "ಚಿಗವ್ವ, ಅವತ್ತು ನಮ್ಮವ್ವನ ಹೆಸರೂ ಬರ್ಕೊಂಡಿದ್ರ ಆಕಿ ಇರ್ತಿದ್ಲೇನು?"

"ಇರ್ತಿದ್ಲವ್ವ" ಅಂದೆ. ಸುಳ್ಳು ಹೇಳುವ ಧೈರ್ಯ ಉಳಿದಿರಲಿಲ್ಲ.

ಹುಡುಗಿ ಹೂ ಮುಡಿಸಿದಳು. ಗಿರಾಕಿಗೆ ಹಾಕುವಂತೆ ಬೆರಳು ಮಡಚಿ, ಅಳತೆಗೆ ಸರಿಯಾಗಿ ಒಂದು ಮೊಳ. ಅಕ್ಕನ ಆ ಉದ್ದನೆಯ ಮೊಳಕ್ಕೆ ನನ್ನ ಜಡೆ ಇವತ್ತಿಗೂ ಕಾಯುತ್ತದೆ.