ಕೆಂಪಾದ ಸೀರಂ

ಕಾಪುವಿನ ಪುತ್ತುಬ್ಬ ಉಡುಪಿ ಕಡೆಯ ಒಂದು ಲ್ಯಾಬಿನಲ್ಲಿ ಹನ್ನೊಂದು ವರ್ಷ ಮಂಗಗಳನ್ನು ಹಿಡಿದುಕೊಟ್ಟವನು. ಅವನು ಮಂಗದ ತೋಳುಗಳನ್ನು ಹಿಂದಕ್ಕೆ ತಿರುಚಿ ಹಿಡಿದರೆ, ಊರಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವಂತೆ ಅವನು ‘ಪೊರ್ಬು’ ಎನ್ನುತ್ತಿದ್ದ ಟೆಕ್ನಿಷಿಯನ್ ಲಿಯೋನೆಲ್ ರಕ್ತ ಎಳೆಯುತ್ತಿದ್ದ. ರಕ್ತ ಹೆಪ್ಪುಗಟ್ಟಿದಾಗ ಮೇಲೆ ನಿಲ್ಲುವ ಹಳದಿ ನೀರೇ ಸೀರಂ, ಮದ್ದಿನ ಪರೀಕ್ಷೆಗೆ ಬೇಕಾದದ್ದು.

ಎಪ್ಪತ್ತಾರನೇ ಇಸವಿಯಲ್ಲಿ ಕಾರ್ಕಳದಿಂದ ತಂದ ಹೆಣ್ಣು ಮಂಗವೊಂದು ತೀರಾ ಸೊರಗಿತ್ತು. “ಇವತ್ತಿನದ್ದೇ ಕಡೆಯದು. ಇನ್ನೂ ತೆಗೆದರೆ ಸಾಯ್ತದೆ, ನಾಳೆ ಬಿಟ್ಟುಬಿಡುವ,” ಎಂದಿದ್ದ ಲಿಯೋನೆಲ್. ಪುತ್ತುಬ್ಬನಿಗೂ ಅದೇ ಬೇಕಿತ್ತು.

ರಕ್ತ ತೆಗೆದು ಮುಗಿಯುತ್ತಲೇ ಮಂಗ ಹೊರಳಿ ಪುತ್ತುಬ್ಬನ ಹೆಬ್ಬೆರಳನ್ನು ಎಲುಬಿನವರೆಗೆ ಕಚ್ಚಿತು. ನೋವಿಗೆ ಕಣ್ಣು ಕತ್ತಲಾಗಿ ಅವನು ಅದರ ತಲೆಯನ್ನು ಮೇಜಿಗೆ ಅಪ್ಪಳಿಸಿದ.

“ಎಂತ ಮಾರಾಯ, ಮುತ್ತು ಕೊಟ್ಟಿತಾ?” ಎಂದ ಲಿಯೋನೆಲ್.

“ನೀವೂ ಬೆರಳು ಒಡ್ಡಿ ನೋಡಿ ಪೊರ್ಬುಗಳೇ!” ಎಂದು ಸಿಟ್ಟಿನಲ್ಲಿ ಪುತ್ತುಬ್ಬ ರಕ್ತದ ಟ್ಯೂಬನ್ನು ಕಸಿದು ಸ್ಟ್ಯಾಂಡಿಗೆ ಕುಕ್ಕಿದ. ಕುಲುಕಿದರೆ ರಕ್ತಕಣ ಒಡೆದು ಸೀರಂ ಕೆಡುತ್ತದೆ, ಕುಲುಕಬಾರದೆಂದು ಹೊಸಬರಿಗೆ ಹೇಳಿಕೊಡುತ್ತಿದ್ದವನು ಅವನೇ.

ಮಧ್ಯಾಹ್ನ ನೋಡಿದರೆ ಸೀರಂ ಕೆಂಪಾಗಿತ್ತು, ಕೆಲಸಕ್ಕೆ ಬಾರದು.

“ಪುನಃ ತೆಗೆಯಬೇಕು,” ಎಂದ ಲಿಯೋನೆಲ್.

“ಬೇರೆ ಮಂಗ ಉಂಟಲ್ವಾ?”

“ಮದ್ದು ಕೊಟ್ಟದ್ದು ಇದಕ್ಕೆ ಮಾತ್ರ.”

ಪುತ್ತುಬ್ಬ ಬಟ್ಟೆ ಸುತ್ತಿದ ಕೈಯಲ್ಲಿ ಮತ್ತೆ ತೋಳು ತಿರುಚಿದ. ಈ ಸಲ ಮಂಗ ಕಚ್ಚಲಿಲ್ಲ. ಸೂಜಿ ಒಳಗಿರುವಾಗಲೇ ಅದರ ಕತ್ತು ಅವನ ಮೊಣಕೈ ಮೇಲೆ ವಾಲಿತು.

“ಬಿಡು ಪುತ್ತುಬ್ಬ, ತುಂಬಿತು,” ಎಂದ ಲಿಯೋನೆಲ್.

ಬಿಟ್ಟರೆ ಬಿದ್ದುಬಿಡುತ್ತದೆಂದು ಅವನು ಹಿಡಿದೇ ನಿಂತ.